ಚಿಕ್ಕವನ ಪಿಸ್ಟನ್

ಮಾರ್ಚ್ 3, ಸೋಮವಾರ

ಅತ್ತೆ ಬಂದಿದ್ದಾರೆ. ಒಬ್ಬರೇ ಬಂದಿಲ್ಲ, ಚಿಕ್ಕವನನ್ನೂ ಕರೆತಂದಿದ್ದಾರೆ.

ಚಿಕ್ಕವನೆಂದರೆ ಅವರ ಮರ ಕುಯ್ಯುವ ಮಷಿನ್. ಅತ್ತೆಗೆ ದೊಡ್ಡ ಮಗನೆಂದರೆ ನನ್ನವರು, ಚಿಕ್ಕ ಮಗನೆಂದರೆ ಈ ಚೈನ್‌ಸಾ. ದೊಡ್ಡವನು ಹೊಲಿಗೆ ಕಲಿತು ಅಂಗಿಗಳಿಗೆ ಗುಂಡಿ ಹಾಕುತ್ತಾ ಕುಳಿತ. ಚಿಕ್ಕವನು ಅಮ್ಮನ ಜೊತೆಗೇ ಇದ್ದು, ಅವರೂರಿನ ಬೇಕರಿಯ ಒಲೆಗೆ ವರ್ಷಗಟ್ಟಲೆ ಸೌದೆ ಕುಯ್ದುಹಾಕಿದ. ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಕೇಳುವ ಹಾಗೇ ಇಲ್ಲ. ಬಸ್ಸಿನಲ್ಲಿ ಅವನನ್ನು ಹೊದಿಕೆಯಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಬಂದರಂತೆ. ಪಕ್ಕದ ಸೀಟಿನ ಹೆಂಗಸು "ಎಷ್ಟು ತಿಂಗಳು?" ಎಂದು ಕೇಳಿ, ಮುಖ ನೋಡೋಣವೆಂದು ಹೊದಿಕೆ ಸರಿಸಿ, ಅಷ್ಟೂ ಹಲ್ಲು ಕಂಡು ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳಂತೆ.

"ದಿಮ್ಮಿ ಕುಯ್ತಾ ಕುಯ್ತಾ ನಿಂತ್ಬಿಟ್ಟ ಕಣೇ. ಹಗ್ಗ ಎಳೆದ್ರೆ ಕೈಗೇ ಬರಲ್ಲ. ಇವನು ಸ್ಟಾರ್ಟ್ ಆದ ದಿನ ನಾನು ಹೊರಡ್ತೀನಿ. ಅಲ್ಲಿವರೆಗೂ ಇಲ್ಲೇ," ಎಂದರು ಅತ್ತೆ, ಚಪ್ಪಲಿ ಬಿಡುವ ಮೊದಲೇ.

ರಿಪೇರಿ ಬೇಗ ಮುಗಿಸಲು ಇದಕ್ಕಿಂತ ದೊಡ್ಡ ಕಾರಣ ಯಾವ ಮೆಕ್ಯಾನಿಕ್‌ಗೂ ಸಿಕ್ಕಿರಲಾರದು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎಡಕ್ಕೆ ನನ್ನವರ ಹೊಲಿಗೆ, ಬಲಕ್ಕೆ ಅಪ್ಪ ನನಗೆ ಬಿಟ್ಟುಹೋದ ಗ್ಯಾರೇಜು. ಪಂಪು, ಹುಲ್ಲು ಕತ್ತರಿಸುವ ಮಷಿನ್, ಚೈನ್‌ಸಾ ಎಲ್ಲ ಇಲ್ಲಿಗೇ ಬರುತ್ತವೆ. ನಾನು ಚಹಾ ಮಾಡಿ ತರುವಷ್ಟರಲ್ಲಿ ಅತ್ತೆ ನನ್ನ ಸ್ಪ್ಯಾನರ್‌ಗಳನ್ನೆಲ್ಲ ಗೋಡೆಯಿಂದ ಇಳಿಸಿ, ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು, ಶಾಲೆಯ ಡ್ರಿಲ್ಲಿಗೆ ನಿಲ್ಲಿಸಿದ ಹಾಗೆ. ಆಮೇಲೆ ಚೀಲದಿಂದ ಒಂದು ಬಾಟಲಿ ಥಿನ್ನರ್ ತೆಗೆದು, ಬಟ್ಟೆ ಅದ್ದಿ, ಚಿಕ್ಕವನ ಮೈಯನ್ನು ಮೂಲೆಮೂಲೆಗೂ ಒರೆಸಿದರು. ಮನೆಯೆಲ್ಲ ಘಾಟು. ಊಟಕ್ಕೂ ಪೇಂಟಿನ ರುಚಿ ಬಂತು.

ನಾಳೆಯೇ ಇವನನ್ನು ಸ್ಟಾರ್ಟ್ ಮಾಡಿ ನಾಡಿದ್ದಿನ ಬಸ್ಸಿಗೆ ಇಬ್ಬರನ್ನೂ ಹತ್ತಿಸದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ.

ಮಾರ್ಚ್ 4, ಮಂಗಳವಾರ

ರೋಗ ಪತ್ತೆ ಹಚ್ಚಲು ನನಗೆ ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ಹಗ್ಗ ಎಳೆದೆ. ಗಂಟಲಲ್ಲಿ ಮರಳು ಸಿಕ್ಕವನ ಹಾಗೆ ಕರ್ರ್ ಎಂದ. ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ, ಆ ತೂತಿಗೆ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ಎಳೆದರೆ ಮುಳ್ಳು ಅರ್ಧ ದಾರಿಗೂ ಏರದೆ ಸುಸ್ತಾಗಿ ಕುಳಿತಿತು. ಸೈಲೆನ್ಸರ್ ಬಿಚ್ಚಿ, ಹೊಗೆ ಹೊರಗೆ ಹೋಗುವ ತೂತಿಗೆ ಟಾರ್ಚ್ ಬಿಟ್ಟು ಇಣುಕಿದೆ. ಅಲ್ಲಿಂದ, ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ ಕಾಣುತ್ತದೆ. ಚೆನ್ನಾಗಿರುವ ಪಿಸ್ಟನ್ ನುಣ್ಣಗಿರಬೇಕು. ಇವನದು ಬೆಕ್ಕು ಪರಚಿದ ಮುಖದ ಹಾಗಿತ್ತು. ಮೇಲಿಂದ ಕೆಳಗೆ ಉದ್ದುದ್ದ ಗೀರುಗಳು, ಅದರ ಸುತ್ತಲಿನ ರಿಂಗ್ ಕರಗಿದ ಅಲ್ಯೂಮಿನಿಯಮ್‌ನಲ್ಲಿ ಹೂತುಹೋಗಿತ್ತು.

ಅಪ್ಪ ಕಲಿಸಿದ ಪಾಠ ಸರಳ. ಗೀರು ಏರ್ ಫಿಲ್ಟರ್ ಕಡೆ ಇದ್ದರೆ ಒಳಗೆ ಧೂಳು ಹೋಗಿದೆ. ಸೈಲೆನ್ಸರ್ ಕಡೆ ಇದ್ದರೆ ಎಣ್ಣೆ ಸಾಲದೆ ಸುಟ್ಟಿದೆ. ಈ ಮಷಿನ್‌ಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಬೆರೆಸಲು ಮರೆತರೆ ಪಿಸ್ಟನ್ ಒಣಗಿ, ಉಜ್ಜಿಕೊಂಡು ಸಾಯುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ನೋಡೋಣವೆಂದರೆ, ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲವೆಂದು ಅತ್ತೆ ಅದನ್ನು ಊರಲ್ಲೇ ಖಾಲಿ ಮಾಡಿ ಬಂದಿದ್ದರು. ನೋಡಲೇಬೇಕೆಂದು ನನಗೂ ಅನ್ನಿಸಲಿಲ್ಲ.

"ಅತ್ತೆ, ಎಣ್ಣೆ ಬೆರೆಸೋದು ಮರೆತಿದ್ದೀರಿ."

"ನಾನಾ?"

"ನಾನು ಹೇಳ್ತಿಲ್ಲ, ಪಿಸ್ಟನ್ನೇ ಹೇಳ್ತಿದೆ. ಅದಕ್ಕೆ ನನ್ನ ಹಾಗೆ ನಿಮ್ಮ ಭಯ ಇಲ್ಲ."

ಶಾಲೆಯ ಹುಲ್ಲು ಕತ್ತರಿಸುವ ಮಷಿನ್ ತಂದಿದ್ದ ಡ್ರಿಲ್ ಮೇಷ್ಟ್ರು ಗೊಳ್ಳೆಂದು ನಕ್ಕರು. ಸುಳ್ಳೇಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಖುಷಿಯಾಯಿತು. ಮದುವೆಯಾದಾಗಿನಿಂದ ನಾನು ಪಾತ್ರೆ ಮುಚ್ಚಿಡಲು ಮರೆತದ್ದು, ಚಿಲಕ ಹಾಕಲು ಮರೆತದ್ದು, ಒಮ್ಮೆ ನನ್ನವರನ್ನೇ ಬಸ್ ಸ್ಟ್ಯಾಂಡಿನಲ್ಲಿ ಮರೆತು ಬಂದದ್ದು, ಎಲ್ಲವನ್ನೂ ಬಂದವರೆದುರಿಗೆಲ್ಲ ಹೇಳಿಕೊಂಡು ಬಂದ ಅತ್ತೆ ಇವರು.

ಅದೇ ಹೊತ್ತಿಗೆ ನನ್ನವರ ಅಕ್ಕನ ಫೋನು ಬಂತು. ಸ್ಪೀಕರ್ ಹಾಕಿ ಎಲ್ಲ ಹೇಳಿದೆ. ಅತ್ತಿಗೆ ಇದಕ್ಕೇ ಕಾಯುತ್ತಿದ್ದವರ ಹಾಗೆ ಶುರುಮಾಡಿದರು.

"ನಾನು ಹೇಳ್ತಾನೇ ಇದ್ದೆ, ಅಮ್ಮಂಗೆ ಮರೆವು ಶುರುವಾಗಿದೆ ಅಂತ. ಮರೆಯೋರ ಕೈಗೆ ಯಾರಾದ್ರೂ ಗರಗಸ ಕೊಡ್ತಾರಾ? ಕೈಯೋ ಕಾಲೋ ಹೋದ್ರೆ? ಭಾನುವಾರ ಬರ್ತೀನಿ. ಆ ಮಷಿನ್ ಯಾರಿಗಾದ್ರೂ ಕೊಟ್ಟುಬಿಡೋಣ. ಅಮ್ಮ ನನ್ನ ಜೊತೆ ಬಂದು ಆರಾಮಾಗಿ ಟೀವಿ ನೋಡ್ಕೊಂಡು ಇರ್ಲಿ."

ಅತ್ತೆ ಚಿಕ್ಕವನಿಗೆ ಹೊದಿಕೆ ಹೊದಿಸಿ ಒಳಗೆ ಹೋದರು.

ಮಾರ್ಚ್ 5, ಬುಧವಾರ

ಮನೆ ತಣ್ಣಗಿದೆ. ಅತ್ತೆ ತುಟಿ ಪಿಟಕ್ಕೆನ್ನುತ್ತಿಲ್ಲ. ಆಹಾ!

ಮಾರ್ಚ್ 6, ಗುರುವಾರ

ಇವತ್ತೂ ಅತ್ತೆ ನನ್ನನ್ನು ಬೈಯಲಿಲ್ಲ. ಬೇಕೆಂದೇ ಸ್ಕ್ರೂಡ್ರೈವರನ್ನು ಅನ್ನದ ಪಾತ್ರೆಯ ಮೇಲಿಟ್ಟೆ. ತೆಗೆದು ಪಕ್ಕಕ್ಕಿಟ್ಟರು, ಅಷ್ಟೇ. ಏನೋ ಸರಿ ಇಲ್ಲ.

ಬೆಳಗ್ಗೆ ಒಲೆ ಆರಿಸಿದ್ದೇನಾ ಎಂದು ನೋಡಲು ಮತ್ತೆ ಮತ್ತೆ ಒಳಗೆ ಹೋಗಿಬಂದರು. ಆರಿಸಿರುವುದನ್ನು ನೋಡಿ ಬಂದ ಮೇಲೆ, ನೋಡಿ ಬಂದದ್ದು ಇವತ್ತೋ ನಿನ್ನೆಯೋ ಎಂದು ಅನುಮಾನ ಬಂದು ಇನ್ನೊಮ್ಮೆ ಹೋದರು. ಮಧ್ಯಾಹ್ನದ ಚಹಾಕ್ಕೆ ಸಕ್ಕರೆ ಹಾಕಿದೆನಾ ಎಂದು ನನ್ನನ್ನು ಕೇಳಿದರು. ರುಚಿ ನೋಡಿದರೆ ತಿಳಿಯುತ್ತದಲ್ಲ ಅತ್ತೆ ಎಂದೆ. "ನಾಲಿಗೇನೂ ನಂಬೋ ಹಾಗಿಲ್ಲ ಈಗ," ಎಂದರು.

ಸಂಜೆ ನೋಡುತ್ತೇನೆ, ನನ್ನವರ ನೂಲಿನ ಡಬ್ಬಿ ತೆಗೆದುಕೊಂಡು ಬೆರಳಿಗೊಂದು ಬಣ್ಣದ ನೂಲು ಕಟ್ಟಿಕೊಂಡು ಕುಳಿತಿದ್ದಾರೆ. ಕೆಂಪು ಒಲೆಗೆ, ನೀಲಿ ಬಾಗಿಲಿಗೆ, ಹಳದಿ ನಲ್ಲಿಗೆ.

"ಹಸಿರು?" ಎಂದು ಕೇಳಿದೆ.

ಅತ್ತೆ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಸಿರು ಯಾತಕ್ಕೆ ಅಂತ ಮರೆತೆ ಕಣೇ," ಎಂದರು.

ನನಗೆ ನಗು ಬಂತು. ಅವರ ಮುಖ ನೋಡಿ ನಗು ಅಲ್ಲೇ ನಿಂತಿತು. ಒಂದೇ ಕೈಯಲ್ಲಿ ದಿಮ್ಮಿ ಉರುಳಿಸುವ ಹೆಂಗಸು ಇವರು. ಬೇಕರಿಯವನ ನಾಯಿಯೂ ಇವರಿಗೆ ದಾರಿ ಬಿಟ್ಟು ನಿಲ್ಲುತ್ತದೆ. ಆ ಮನುಷ್ಯೆ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಮುದುಡಿ ಕುಳಿತು ನನ್ನನ್ನು ಕೇಳಿದರು, "ನಾನು ಬೆರೆಸಿದ್ದೆ ಅಂತ್ಲೇ ನೆನಪು. ಆದ್ರೆ ಮರೆತೋರಿಗೆ ಮರೆತಿದ್ದು ಗೊತ್ತಾಗುತ್ತಾ? ನೀನೇ ಹೇಳು, ಗೊತ್ತಾಗುತ್ತಾ?"

ನಾನು ಗ್ಯಾರೇಜಿಗೆ ಬಂದು ಯಾರದೋ ಪಂಪಿನ ನಟ್ಟನ್ನು ಸುಮ್ಮನೆ ಬಿಚ್ಚಿ, ಸುಮ್ಮನೆ ಬಿಗಿದೆ.

ಮಾರ್ಚ್ 7, ಶುಕ್ರವಾರ

ಹೇಗೂ ಪಿಸ್ಟನ್ ಬದಲಿಸಬೇಕು, ಅದಕ್ಕೇ ಚಿಕ್ಕವನನ್ನು ಪೂರ್ತಿ ಬಿಚ್ಚಿದೆ. ಬೇರೆ ಯಾವ ಕಾರಣವೂ ಇಲ್ಲ.

ಸಿಲಿಂಡರ್ ಎತ್ತಿ ಪಿಸ್ಟನ್ ಹೊರಗೆ ತೆಗೆದೆ. ಫಿಲ್ಟರ್ ಕಡೆ ಒಂದು ಗೀರೂ ಇಲ್ಲ. ಸುಟ್ಟಿದ್ದೆಲ್ಲ ಸೈಲೆನ್ಸರ್ ಕಡೆಯೇ. ಹೇಳಿದ್ದು ಸರಿ ಎಂದುಕೊಂಡು ಕೆಳಗಿನ ಬೇರಿಂಗ್ ಮುಟ್ಟಿದೆ. ಬೆರಳು ಜಾರಿತು. ಟಾರ್ಚ್ ಹಾಕಿ ನೋಡಿದರೆ ಬೇರಿಂಗ್ ಎಣ್ಣೆಯಲ್ಲಿ ಮಿಂದು ಕುಳಿತಿದೆ. ಅದರ ಮೇಲಿನ ರಾಡು ಬಣ್ಣಗೆಟ್ಟಿಲ್ಲ. ಬೆರಳನ್ನು ಕಾಗದಕ್ಕೆ ಒರೆಸಿದೆ, ದೊಡ್ಡ ಎಣ್ಣೆ ಕಲೆ.

ಎಣ್ಣೆ ಬೆರೆಸದೆ ಓಡಿಸಿದ ಮಷಿನ್‌ನ ಬೇರಿಂಗ್ ಒಣಗಿ ನೀಲಿಗಟ್ಟಿರುತ್ತದೆ. ಎಣ್ಣೆ ಇತ್ತು. ಅತ್ತೆ ಬೆರೆಸಿದ್ದರು!

ಹಾಗಾದರೆ ಸುಟ್ಟಿದ್ದೇಕೆ? ಆಗ ಅಪ್ಪನ ಪಾಠದ ಇನ್ನೊಂದು ತುಂಡು ನೆನಪಾಯಿತು. ಎಲ್ಲಿಂದಲಾದರೂ ಕಳ್ಳಗಾಳಿ ಒಳಗೆ ನುಗ್ಗಿದರೂ ಗೀರು ಸೈಲೆನ್ಸರ್ ಕಡೆಯೇ ಬೀಳುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲ್ ಕಡಿಮೆ, ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಶಾಖ ಮಾತ್ರ ವಿಪರೀತ. "ಪಿಸ್ಟನ್ನನ್ನ ಅಂಗೈ ಮೇಲೆ ಇಟ್ಟುಕೊಳ್ಳದೆ ತೀರ್ಪು ಕೊಡಬೇಡ," ಎಂದು ಅಪ್ಪ ಬೆನ್ನಿಗೆ ಗುದ್ದಿ ಗುದ್ದಿ ಹೇಳಿದ್ದರು. ನಾನು ಟಾರ್ಚ್ ಬಿಟ್ಟು ಇಣುಕಿ ತೀರ್ಪು ಕೊಟ್ಟೆ, ಅದೂ ಸ್ಪೀಕರ್ ಹಾಕಿ.

ಓಡಿಹೋಗಿ ಅತ್ತೆಗೆ ಹೇಳಿದೆ. ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರು ನೂಲು ಸುತ್ತಿದ ಕೈಯಿಂದ ನನ್ನ ಕೆನ್ನೆ ತಟ್ಟಿ, "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ಒಳ್ಳೆ ಹುಡುಗಿ," ಎಂದರು.

ನನ್ನನ್ನು ಅತ್ತೆ ಒಳ್ಳೆ ಹುಡುಗಿ ಎಂದರು. ಪರಿಸ್ಥಿತಿ ಕೈಮೀರಿದೆ. ಭಾನುವಾರದೊಳಗೆ ಆ ಕಳ್ಳಗಾಳಿಯ ತೂತನ್ನು ಹುಡುಕಿ ಕಣ್ಣೆದುರಿಗೆ ತೋರಿಸಲೇಬೇಕು.

ಮಾರ್ಚ್ 8, ಶನಿವಾರ

ಇವತ್ತು ಚಿಕ್ಕವನಿಗೆ ಸ್ನಾನ.

ಗಾಳಿ ಸೋರುವುದನ್ನು ಹುಡುಕುವ ಉಪಾಯ ಸೈಕಲ್ ಪಂಕ್ಚರಿನದೇ. ಹಳೆಯ ಪಿಸ್ಟನ್ ಮೇಲೆಯೇ ಸಿಲಿಂಡರ್ ಕೂರಿಸಿದೆ. ಕಾರ್ಬೊರೇಟರ್ ಬಿಚ್ಚಿ, ಅದರಿಂದ ಇಂಜಿನ್‌ಗೆ ಹೋಗುವ ರಬ್ಬರ್ ಕೊಳವೆಯ ಬಾಯಿಗೂ ಸೈಲೆನ್ಸರ್ ತೂತಿಗೂ ಟ್ಯೂಬಿನ ತುಂಡು ಇಟ್ಟು ಬಿಗಿದೆ. ಪ್ಲಗ್ಗಿನ ತೂತಿಗೆ ಸೈಕಲ್ ಪಂಪು. ಇನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆಂದು ನೋಡಬೇಕು, ಅಷ್ಟೇ. ತೊಯ್ಯಬಾರದ ಕಾಯಿಲ್ ಗೀಯಿಲ್ ಎಲ್ಲ ಮೊದಲೇ ಕಳಚಿಟ್ಟಿದ್ದೆ.

ಬಚ್ಚಲ ಟಬ್ಬಿಗೆ ನಲ್ಲಿ ನೀರು ತುಂಬಿಸಿದ್ದೆ. ಅತ್ತೆ ಬಂದು ಮೊಣಕೈ ಅದ್ದಿ ನೋಡಿ, "ಇಷ್ಟು ತಣ್ಣೀರಾ?" ಎಂದು ಒಂದು ಪಾತ್ರೆ ಬಿಸಿನೀರು ಸುರಿದರು. ಕತ್ತು ಹಿಡಿಯುವ ರೀತಿ ನನಗೆ ಗೊತ್ತಿಲ್ಲವಂತೆ, ತಾವೇ ಹಿಡಿದು ಮೆಲ್ಲಗೆ ಇಳಿಸಿದರು. ನಾನು ಪಂಪು ಹೊಡೆದೆ. ನನ್ನವರು ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡಿದರು. ಅವರಿಗೆ ಈ ಪರಿ ಬಿಸಿನೀರಿನ ಸ್ನಾನ ಯಾವತ್ತೂ ಆಗಿರಲಿಲ್ಲವಂತೆ.

ಗುಳ್ಳೆ ಬರಲಿಲ್ಲ. ಎಷ್ಟು ಹೊಡೆದರೂ ಒಂದೇ ಒಂದು ಗುಳ್ಳೆ ಇಲ್ಲ. ನನ್ನ ತೋಳು ಬಿದ್ದುಹೋಯಿತು. ಎಣ್ಣೆಯೂ ಇತ್ತು, ಗಾಳಿಯೂ ಸೋರುವುದಿಲ್ಲ ಎಂದರೆ ನಾಳೆ ಅತ್ತಿಗೆಗೆ ಏನು ತೋರಿಸಲಿ?

"ಸುಮ್ಮನೆ ಮಲಗಿಸಿದ್ರೆ ಏನು ಗೊತ್ತಾಗುತ್ತೆ?" ಎಂದರು ಅತ್ತೆ. "ಇವನು ಕೆಲಸ ಮಾಡೋವಾಗ ಹಿಂಗೆ ಮಲಗಿರ್ತಾನಾ? ಮೈಯೆಲ್ಲ ಅಲ್ಲಾಡ್ತಿರುತ್ತೆ." ಹೇಳುತ್ತಲೇ ಹಿಡಿಕೆ ಹಿಡಿದು, ದಿಮ್ಮಿಗೆ ಅದುಮುವ ಹಾಗೆ ಒಮ್ಮೆ ಒತ್ತಿದರು.

ಬುಳಬುಳಬುಳ!

ಆ ರಬ್ಬರ್ ಕೊಳವೆಯ ಕೆಳಮಡಿಕೆಯಿಂದ! ಹಿಡಿಕೆ ಒತ್ತಿದರೆ ಮಡಿಕೆ ಬಾಯಿ ಬಿಡುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಸುಮ್ಮನಿದ್ದಾಗ ಸಾಧುವಿನ ಹಾಗಿದ್ದು ಕೆಲಸಕ್ಕಿಳಿದಾಗ ಸೋರುವ ಬಿರುಕು. ನಾನು ಕಿರುಚಿದೆ, ಅತ್ತೆ ಕಿರುಚಿದರು, ಇಬ್ಬರೂ ಒದ್ದೆ ಕೈಯಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ತಕ್ಷಣ ಬಿಟ್ಟೆವು. ಇಬ್ಬರಿಗೂ ಅಭ್ಯಾಸವಿಲ್ಲ.

ಚಿಕ್ಕವನನ್ನು ಒಣಗಲು ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿದ್ದೇವೆ, ನನ್ನವರ ಬನಿಯನ್‌ಗಳ ನಡುವೆ.

ಮಾರ್ಚ್ 9, ಭಾನುವಾರ

ಅತ್ತಿಗೆ ಬಂದರು. ಚೀಲದ ತುಂಬ ಹಣ್ಣು, ಬಾಯಿ ತುಂಬ ನಿರ್ಧಾರ. ಅಮ್ಮನ ಮಂಚ ಎಲ್ಲಿ ಹಾಕಿಸಿದ್ದೇನೆ, ಯಾವ ಧಾರಾವಾಹಿ ಎಷ್ಟು ಗಂಟೆಗೆ ಎಂದೆಲ್ಲ ಹೇಳಿದರು. ಮಷಿನ್ ಕೊಂಡುಕೊಳ್ಳುವವನೂ ಸಿದ್ಧನಿದ್ದಾನಂತೆ. ಅತ್ತೆ ಮಡಿಲಲ್ಲಿ ಕೈ ಮಡಚಿಕೊಂಡು, ನೂಲುಗಳನ್ನು ಮುಚ್ಚಿಕೊಂಡು ಕುಳಿತಿದ್ದರು.

ನಾನು ಅತ್ತಿಗೆಯ ಕೈ ಹಿಡಿದು ಗ್ಯಾರೇಜಿಗೆ ಎಳೆತಂದೆ. ಮೊದಲು, ಶುಕ್ರವಾರ ಬೇರಿಂಗ್ ಮುಟ್ಟಿ ಬೆರಳು ಒರೆಸಿದ ಕಾಗದ ತೋರಿಸಿದೆ. "ಇದು ಎಣ್ಣೆ. ಅತ್ತೆ ಬೆರೆಸಿದ್ರು. ಮಂಗಳವಾರ ನಾನು ಹೇಳಿದ್ದು ತಪ್ಪು. ಪಿಸ್ಟನ್ ಹೊರಗೆ ತೆಗೀದೇ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ," ಎಂದೆ. ಹೇಳುವಾಗ ಕಿವಿ ಬಿಸಿಯಾಯಿತು. ಆಮೇಲೆ ಆ ರಬ್ಬರಿನ ಮೇಲೆ ಸೋಪಿನ ನೊರೆ ಹಚ್ಚಿ, ಪಂಪು ಹೊಡೆದು, ಹಿಡಿಕೆ ಒತ್ತಿದೆ. ನೊರೆಯಿಂದ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಎದ್ದು ಅತ್ತಿಗೆಯ ಮೂಗಿನ ಮೇಲೆ ಒಡೆಯಿತು.

"ಅದು ಸರಿ, ಆದ್ರೆ ರಬ್ಬರ್ ಹೆಂಗೆ ಒಡೀತು? ಎತ್ತಿ ಹಾಕಿದ್ದು ಮರೆತಿರ್ಬೇಕು," ಎಂದರು ಅತ್ತಿಗೆ, ಮೂಗು ಒರೆಸಿಕೊಳ್ಳುತ್ತ.

ನಾನು ಮಡಿಕೆಯನ್ನು ಬಿಡಿಸಿ ಬಿರುಕನ್ನು ಮತ್ತೆ ನೋಡಿದೆ. ಅಷ್ಟರಲ್ಲಿ, ಚಿಕ್ಕವನ ಮೇಲೆ ನೊರೆ ಚೆಲ್ಲಿದ್ದನ್ನು ನೋಡಲಾರದೆ ಅತ್ತೆ ಎದ್ದು ಬಂದರು. ಬಾಟಲಿ ತೆಗೆದರು, ಬಟ್ಟೆ ಅದ್ದಿದರು, ಒರೆಸತೊಡಗಿದರು. ಆ ರಬ್ಬರಿನ ಮಡಿಕೆಯ ಒಳಕ್ಕೂ ಬೆರಳು ತೂರಿಸಿ ಒರೆಸಿದರು. ಥಿನ್ನರ್ ಘಾಟು ಮೂಗಿಗೆ ಹೊಡೆದ ಕೂಡಲೇ ನನಗೆ ಹೊಳೆಯಿತು.

"ಅತ್ತೆ, ನಿಲ್ಲಿ. ದಿನಾ ಇದರಲ್ಲೇ ಒರೆಸ್ತೀರಾ?"

"ದಿನಾ. ಕೆಲಸ ಮುಗಿದ ಮೇಲೆ ಕೊಳೆ ಇಟ್ಕೊಂಡು ಮಲಗಿಸಕ್ಕಾಗುತ್ತಾ?"

"ಒಂದು ದಿನಾನೂ ತಪ್ಪಿಸಿಲ್ವಾ?"

"ಜ್ವರ ಬಂದಾಗ್ಲೂ ತಪ್ಪಿಸಿಲ್ಲ."

"ಥಿನ್ನರ್ ರಬ್ಬರನ್ನ ತಿನ್ನುತ್ತೆ ಅತ್ತೆ. ಒಣಗಿಸಿ ಸೀಳಿಬಿಡುತ್ತೆ."

ಅತ್ತೆಯ ಕೈ ಅಲ್ಲೇ ನಿಂತಿತು. "ಅಂದ್ರೆ ಇವನನ್ನ ಕೆಡಿಸಿದ್ದು ನಾನೇ."

"ನೀವೇ. ಆದ್ರೆ ಮರೆತು ಕೆಡಿಸಿದ್ದಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ದಿನಾನೂ ಮರೀದೇ ಕೆಡಿಸಿದ್ದು."

ಅತ್ತೆ ನನ್ನನ್ನು ನೋಡಿದರು, ಬಿರುಕನ್ನು ನೋಡಿದರು, ಬಾಟಲಿಯನ್ನು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ಘಾಟಿಗೆ ಎಂದರು. ನನಗೂ ಘಾಟಿಗೇ ಬಂತು.

ಆಮೇಲೆ ನನ್ನವರ ಕತ್ತರಿ ತೆಗೆದುಕೊಂಡು ಬೆರಳಿನ ನೂಲುಗಳನ್ನೆಲ್ಲ ಕಚಕಚ ಕತ್ತರಿಸಿ ಹಾಕಿದರು. ಎದ್ದು ನಿಂತು, "ಏನೇ, ಹಣ್ಣು ತಂದಿದ್ದೀಯ, ಎಲ್ಲಾ ಒಂದು ಕಡೆ ನಜ್ಜುಗುಜ್ಜಾಗಿದೆ, ಅಂಗಡಿಯವನು ಮೇಲೆ ಇಟ್ಟಿದ್ದನ್ನ ನೋಡಿ ತಂದ್ಯಾ?" ಎಂದು ಅತ್ತಿಗೆಯನ್ನು ಹಿಡಿದುಕೊಂಡರು. ಅಲ್ಲಿಂದ ಹೊರಳಿ, "ನೀನು, ಪಿಸ್ಟನ್ ಹೊರಗೆ ತೆಗೀದೇ ತೀರ್ಪು ಕೊಟ್ಯಾ? ನಿಮ್ಮಪ್ಪ ಇದನ್ನೇ ಕಲಿಸಿದ್ದಾ?" ಎಂದು ನನ್ನನ್ನು ಸಂಜೆಯವರೆಗೂ ಬೈದರು. ಧಾರಾವಾಹಿ ನೋಡುವ ಮಂಚಕ್ಕೆ ಈಗ ಅತ್ತಿಗೆಯ ಯಜಮಾನರೇ ಗತಿ.

ಕಿವಿ ತೂತು ಬಿದ್ದಿದೆ. ತುಂಬ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ 13, ಗುರುವಾರ

ಹೊಸ ಪಿಸ್ಟನ್ನೂ ರಬ್ಬರ್ ಕೊಳವೆಯೂ ಬಂದವು. ಹಳೆಯ ಪಿಸ್ಟನ್ನಿಂದ ಕರಗಿ ಸಿಲಿಂಡರಿಗೆ ಅಂಟಿದ್ದ ಅಲ್ಯೂಮಿನಿಯಮ್ಮನ್ನು ಕೆರೆದು ತೆಗೆದಿದ್ದೆ. ಪುಣ್ಯಕ್ಕೆ ಒಳಗೆ ಗಾಯವಿಲ್ಲ. ಅತ್ತೆ ರಿಂಗ್ ಅದುಮಿ ಹಿಡಿದರು, ನಾನು ಸಿಲಿಂಡರ್ ಇಳಿಸಿದೆ. ಒಬ್ಬಳೇ ಮಾಡುವಾಗ ಈ ಕೆಲಸಕ್ಕೆ ನನಗೆ ಮೂರನೇ ಕೈಯೂ ನಾಲ್ಕು ಬೈಗುಳವೂ ಬೇಕಾಗುತ್ತಿತ್ತು. ಇವತ್ತು ಬೈಗುಳ ಅತ್ತೆಯೇ ಒದಗಿಸಿದರು.

ಅತ್ತೆ ಪೆಟ್ರೋಲಿಗೆ ಎಣ್ಣೆಯನ್ನು ಅಳೆದು ಬೆರೆಸಿದರು. ಹಗ್ಗ ಎಳೆದರು. ಒಂದು, ಎರಡು, ಆಮೇಲೆ ಡರ್ರ್ ಎಂದು ಇಡೀ ಬೀದಿ ಎದ್ದು ಕುಳಿತಿತು. ನನ್ನವರು ಬೆಚ್ಚಿ ಯಾರದೋ ಕಾಲರಿಗೆ ಜೇಬು ಹೊಲಿದರು.

ಸ್ಟಾರ್ಟ್ ಆಯಿತು. ಅಂದರೆ ಇನ್ನು ಅತ್ತೆ ಹೊರಡುತ್ತಾರೆ. ಒಳ್ಳೆಯದೇ ಆಯಿತು.

ಆದರೆ ಹೊಸ ಪಿಸ್ಟನ್ ಹಾಕಿದ ಮೇಲೆ ಒಂದೆರಡು ದಿನ ಮೆಲ್ಲಗೆ ಓಡಿಸಿ ಪಳಗಿಸಬೇಕು. ಇದು ನಿಯಮ. ಅತ್ತೆಗೂ ಹೇಳಿದೆ. "ನಿಯಮ ಅಂದ್ರೆ ನಿಯಮ," ಎಂದು ಒಪ್ಪಿಕೊಂಡರು.

ಮಾರ್ಚ್ 15, ಶನಿವಾರ

ಗಿರಾಕಿಗಳು ಈಗ ನನ್ನನ್ನು ಕೇಳುವುದೇ ಇಲ್ಲ. "ಅಮ್ಮ ಇದ್ದಾರಾ?" ಎನ್ನುತ್ತಾರೆ. ಡ್ರಿಲ್ ಮೇಷ್ಟ್ರು ಹುಲ್ಲಿನ ಮಷಿನ್ ಒಯ್ಯಲು ಬಂದಾಗ ಅತ್ತೆ ಅವರನ್ನೇ ನೆಟ್ಟಗೆ ನಿಲ್ಲಿಸಿ, ಫಿಲ್ಟರ್ ತೊಳೆಯುವುದು ಹೇಗೆಂದು ಪಾಠ ಮಾಡಿ, ಒಪ್ಪಿಸಿ ಹೋಗಿ ಎಂದರು. ಮೇಷ್ಟ್ರು ಕೈಕಟ್ಟಿ ಒಪ್ಪಿಸಿದರು. ಅವತ್ತು ಪಿಸ್ಟನ್ ಮಾತಿಗೆ ನಕ್ಕದ್ದಕ್ಕೆ ಇದು ಬಡ್ಡಿ ಎಂದು ಅತ್ತೆ ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು. ನಗು ತಡೆಯಲಾರದೆ ಬೆಂಚಿನ ಕೆಳಗೆ ಸ್ಪ್ಯಾನರ್ ಹುಡುಕುವವಳ ಹಾಗೆ ಕುಳಿತುಬಿಟ್ಟೆ.

ಚಿಕ್ಕವನ ಐಡ್ಲಿಂಗ್, ಅಂದರೆ ಕೆಲಸವಿಲ್ಲದಾಗಿನ ಸಣ್ಣ ಓಟ, ನನಗೆ ಯಾಕೋ ಸಮಾಧಾನವಿಲ್ಲ. ಸ್ವಲ್ಪ ಏರುಪೇರಿದೆ. ಸೋಮವಾರ ನೋಡಬೇಕು.

ಮಾರ್ಚ್ 17, ಸೋಮವಾರ

ಐಡ್ಲಿಂಗ್ ಸರಿಮಾಡಿದೆ. ಆದರೆ ಬಿಸಿಯಾದ ಮೇಲೆ ಒಂದು ಸಣ್ಣ ಟಿಕ್ ಎನ್ನುವ ಸದ್ದು ಬರುತ್ತಿದೆ ಅನ್ನಿಸಿತು.

"ಚೆನ್ನಾಗೇ ಓಡ್ತಿದೆಯಲ್ಲ?" ಎಂದರು ನನ್ನವರು.

"ಗುಂಡಿ ಹೊಲಿಯೋರಿಗೆ ಇಂಜಿನ್ ಸದ್ದು ಏನು ಗೊತ್ತಾಗುತ್ತೆ?" ಎಂದು ಗದರಿದೆ. ಅವರು ಸೂಜಿಗೆ ದಾರ ಪೋಣಿಸುತ್ತಾ ಮುಸಿಮುಸಿ ನಕ್ಕರು. ಯಾಕೆ ನಕ್ಕರೋ ತಿಳಿಯಲಿಲ್ಲ. ಒಮ್ಮೊಮ್ಮೆ ಅವರು ಹಾಗೇ.

ಅತ್ತೆಯೂ ಕಿವಿಯಿಟ್ಟು ಕೇಳಿ, "ಹೌದು, ಟಿಕ್ ಅಂತಿದೆ. ಮಧ್ಯೆ ಒಂದೊಂದು ಸಲ ಟುಕ್ ಅಂತಲೂ ಅನ್ನುತ್ತೆ," ಎಂದರು. ಟುಕ್ ನನಗೆ ಕೇಳಿರಲಿಲ್ಲ. ಅದನ್ನೂ ಪರೀಕ್ಷಿಸಬೇಕೆಂದು ನಿರ್ಧರಿಸುವಷ್ಟರಲ್ಲಿ ಬೇಕರಿಯವನ ಫೋನು ಬಂತು. ಒಟ್ಟಿದ ಸೌದೆ ತಳ ಕಂಡಿದೆಯಂತೆ, ಅಮ್ಮ ಬರದಿದ್ದರೆ ಬ್ರೆಡ್ಡು ಬೇಯುವುದಿಲ್ಲವಂತೆ. ನಾಳೆ ಮೊದಲ ಬಸ್ಸಿಗೆ ಹೊರಡುವುದೆಂದು ತೀರ್ಮಾನವಾಯಿತು.

ಆ ಬೇಕರಿಯವನು ಗ್ಯಾಸ್ ಒಲೆ ಹಾಕಿಸಿಕೊಂಡರೆ ಗಂಟೇನು ಹೋಗುತ್ತದೆ?

ಮಾರ್ಚ್ 18, ಮಂಗಳವಾರ

ಅತ್ತೆ ಹೋದರು.

ಹೊರಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿದೆ. ಪ್ಲಗ್ ಬಿಚ್ಚಿ ಕೊನೆಯ ಸಲ ಬಣ್ಣ ನೋಡಿದೆ. ಒಳಗೆ ಉರಿಯುವುದು ಹದವಾಗಿದ್ದರೆ ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕಿರುತ್ತದೆ. ಬಿಸ್ಕತ್ತೇ ಬಿಸ್ಕತ್ತು. ಅತ್ತೆ ಅಲ್ಲೇ ನಿಂತು, "ಇನ್ಮೇಲೆ ಇವನನ್ನ ಒಣಬಟ್ಟೇಲಿ ಮಾತ್ರ ಒರೆಸ್ತೀನಿ, ಸರೀನಾ?" ಎಂದು ಕೇಳಿದರು. ನಾನು ಆ ಕಡೆ ತಿರುಗಿ ಏಪ್ರನ್ನಿನಲ್ಲಿ ಕಣ್ಣು ಒರೆಸಿಕೊಂಡೆ. ಧೂಳಿರಬೇಕು. ಮೇಲಿನ ಮುಚ್ಚಳ ಹಾಕಿ, ಹೊದಿಕೆ ಸುತ್ತಿ, ಬಸ್ಸಿನವರೆಗೂ ನಾನೇ ಎತ್ತಿಕೊಂಡು ಹೋದೆ. ಕಿಟಕಿಯಿಂದ ಅತ್ತೆ ಕೈಬೀಸಲಿಲ್ಲ. "ಸ್ಪ್ಯಾನರ್ ಸಾಲು ಕೆಡಿಸ್ಬೇಡ!" ಎಂದು ಕೂಗಿದರು.

ಮನೆಗೆ ಬಂದು ಸ್ಪ್ಯಾನರ್‌ಗಳನ್ನೆಲ್ಲ ಮತ್ತೆ ನನ್ನ ಹಳೆಯ ಕ್ರಮಕ್ಕೆ ಗೋಡೆಗೆ ಹಾಕಿದೆ. ಈಗ ಒಂದೂ ಕೈಗೆ ಸಿಗುತ್ತಿಲ್ಲ. ಸಂಜೆ ಮತ್ತೆ ಇಳಿಸಿ ಎತ್ತರದ ಪ್ರಕಾರ ನಿಲ್ಲಿಸಿದೆ.

ಮನೆ ತಣ್ಣಗಿದೆ. ಇಷ್ಟು ತಣ್ಣಗಿರಬೇಕಾಗಿರಲಿಲ್ಲ.

ಮಾರ್ಚ್ 19, ಬುಧವಾರ

ಬೆಳಗ್ಗೆಯೇ ಅತ್ತೆಯ ಫೋನು.

"ಹಗ್ಗ ಎಳೆದ್ರೆ ತೂಕಾನೇ ಇಲ್ಲ ಕಣೇ! ಫುಸ್ ಫುಸ್ ಅಂತಾನೆ!"

ಹಗ್ಗಕ್ಕೆ ತೂಕವಿಲ್ಲವೆಂದರೆ ಕಂಪ್ರೆಷನ್ ಇಲ್ಲ. ಕಂಪ್ರೆಷನ್ ಇಲ್ಲ ಎಂದರೆ ಮತ್ತೆ ಪಿಸ್ಟನ್ನೇ? ರಿಂಗ್ ಮುರಿಯಿತೇ? ನನ್ನ ಕೈಯಿಂದಲೇ ಕೂರಿಸಿದ ಪಿಸ್ಟನ್. ಈ ಸಲ ನೋಡದೆ ತೀರ್ಪು ಕೊಡಬಾರದೆಂದುಕೊಂಡು, ಮೇಲಿನ ಮುಚ್ಚಳ ತೆಗೆದು ಏನು ಕಾಣುತ್ತದೆ ಹೇಳಿ ಎಂದೆ.

ಆ ಕಡೆ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆಮೇಲೆ ನಗು ಶುರುವಾಯಿತು. ಅತ್ತೆ ಹಾಗೆ ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನಡುವೆ ಬೇಕರಿಯವನು ಏನಾಯಿತಮ್ಮ ಎಂದು ಗಾಬರಿಯಲ್ಲಿ ಕೇಳುವುದೂ ಕೇಳಿಸಿತು.

"ಪ್ಲಗ್ಗೇ ಇಲ್ಲ! ಹಲ್ಲು ಬಿದ್ದ ಬಾಯಿ ಹಂಗೆ ಬರೀ ತೂತು!"

ಏಪ್ರನ್ ಜೇಬಿಗೆ ಕೈ ಹಾಕಿದೆ. ಬಿಸ್ಕತ್ತಿನ ಬಣ್ಣದ ಪ್ಲಗ್ ಅಲ್ಲೇ ಬೆಚ್ಚಗೆ ಕುಳಿತಿತ್ತು.

"ನೀನೂ ಮರೀತೀಯಲ್ಲೇ!" ಎಂದು ಅತ್ತೆ ನಕ್ಕು ನಕ್ಕು ಬಿಕ್ಕಳಿಸಿದರು. "ಇಡೀ ಪ್ಲಗ್ಗನ್ನೇ ಮರೆತ್ಯಲ್ಲೇ! ಇರ್ಲಿ ಬಿಡು, ಎಲ್ಲರಿಗೂ ಆಗುತ್ತೆ."

ಪಾತ್ರೆ ಮುಚ್ಚಳ ಮರೆಯಬಹುದು, ಗಂಡನನ್ನೂ ಮರೆಯಬಹುದು. ಪ್ಲಗ್ ಹಾಕಲು ಮರೆಯುವ ಮೆಕ್ಯಾನಿಕ್ ಎಲ್ಲಾದರೂ ಉಂಟೇ? ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಒಮ್ಮೆಯೂ ಹೀಗಾಗಿಲ್ಲ. ಹೇಗೆ ಮರೆತೆನೋ ನನಗೇ ಅರ್ಥವಾಗುತ್ತಿಲ್ಲ.

ಪ್ಲಗ್ ಎಲ್ಲ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯೇ, "ಇಲ್ಲಿ ಸಿಗೋ ಪ್ಲಗ್ ಇವನಿಗೆ ಒಗ್ಗಲ್ಲ," ಎಂದರು.

"ಒಗ್ಗಲ್ಲ ಅತ್ತೆ."

"ನೀನು ಬಸ್ಸಲ್ಲಿ ಕಳಿಸಬಹುದು."

"ಬಸ್ಸಲ್ಲಿ ಕಳೆದುಹೋಗುತ್ತೆ ಅತ್ತೆ."

"ಹಾಗಾದ್ರೆ ನಾನೇ ಬರಬೇಕು. ಆ ಟುಕ್ ಸದ್ದನ್ನೂ ತೋರಿಸ್ದಂಗಾಗುತ್ತೆ. ಬೇಕರಿಯವನು ಎರಡು ದಿನ ಬಿಸ್ಕತ್ತು ಮಾರ್ಲಿ."

"ಬೇರೆ ದಾರಿಯೇ ಇಲ್ಲ," ಎಂದೆ.

ನನ್ನವರ ಕತ್ತರಿಯ ಸದ್ದು ನಿಂತಿತು. ಎದ್ದುಹೋಗಿ ಅತ್ತೆಯ ಹಾಸಿಗೆಯನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಿ ಬಂದರು.

ನಾಳೆ ಬೆಳಗಿನ ಬಸ್ಸಿಗೆ ಬರುತ್ತಾರಂತೆ. ಪ್ಲಗ್ಗನ್ನು ಭದ್ರವಾದ ಜಾಗದಲ್ಲಿ ಎತ್ತಿಟ್ಟಿದ್ದೇನೆ. ಎಲ್ಲಿ ಎಂದು ಮಾತ್ರ ಈಗ ನೆನಪಾಗುತ್ತಿಲ್ಲ.